ಹೊಲದ ಬಿಸಿಲಿಗೆ ಬೆಲೆ

ಸಿಲಿಕಾನ್ ಫಲಕದ ಮೇಲೆ ಬಿಸಿಲು ಬಿದ್ದೊಡನೆ ಅದರೊಳಗಿನ ಎಲೆಕ್ಟ್ರಾನುಗಳು ಕದಲಿ ವಿದ್ಯುತ್ ಪ್ರವಾಹವಾಗುತ್ತವೆ. ಇದಕ್ಕೆ ಇಂಧನ ಬೇಡ, ತಿರುಗುವ ಯಂತ್ರವೂ ಬೇಡ. ಫಲಕಗಳನ್ನು ಕೊಳ್ಳುವ ಮೊದಲ ವೆಚ್ಚವೇ ಭಾರವಾದುದು. ಸರ್ಕಾರದ ಸಹಾಯಧನ ಹೆಗಲು ಕೊಡುವುದು ಇಲ್ಲಿಯೇ. 2024ರ ‘ಸೂರ್ಯ ಘರ್’ ಯೋಜನೆಯಲ್ಲಿ ಮನೆಯ ಚಾವಣಿಯ ಮೇಲಿನ ಮೂರು ಕಿಲೊವಾಟ್ ಸ್ಥಾವರಕ್ಕೆ 78,000 ರೂಪಾಯಿ ಗೊತ್ತುಪಡಿಸಲಾಯಿತು. ಚಾವಣಿಯ ಲೆಕ್ಕ ಸರಳ. ಹೊಲದ್ದು ಹಾಗಲ್ಲ.

2019ರ ‘ಕುಸುಮ್’ ಯೋಜನೆ ಸೌರಪಂಪುಗಳಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನೆರವನ್ನು ಕಲ್ಪಿಸಿತು. ಇಂಥ ಪಂಪಿದ್ದರೆ ಡೀಸೆಲಿನ ಖರ್ಚಿಲ್ಲ. ನಡುರಾತ್ರಿ ಕರೆಂಟು ಬಂದಾಗ ಎದ್ದು ಹೊಲಕ್ಕೆ ಓಡುವ ಪಾಡೂ ಇಲ್ಲ. ಆದರೆ ಬಿಸಿಲಿಗೆ ಬೆಲೆಯಿಲ್ಲವಾದ್ದರಿಂದ ಪಂಪನ್ನು ನಿಲ್ಲಿಸಲು ಕಾರಣವೂ ಇಲ್ಲ! ಹಗಲೆಲ್ಲ ನೀರೆತ್ತುತ್ತಿದ್ದರೆ ಅಂತರ್ಜಲದ ಗತಿಯೇನು? ಕೋಲಾರದ ಸೀಮೆಯ ಕೊಳವೆಬಾವಿಗಳನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ ಇದಕ್ಕೊಂದು ಉಪಾಯವನ್ನು ಪ್ರಯೋಗಿಸಿ ನೋಡಿದರು. 2016ರಲ್ಲಿ ಅಲ್ಲಿನ ಆರು ಮಂದಿ ರೈತರು, ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ನೆರವಿನಿಂದ, ಸಹಕಾರ ಸಂಘ ಕಟ್ಟಿ ತಮ್ಮ ಸೌರಪಂಪುಗಳನ್ನು ವಿದ್ಯುತ್ ಜಾಲಕ್ಕೆ ಜೋಡಿಸಿದರು. ನೀರೆತ್ತಿ ಮಿಕ್ಕ ವಿದ್ಯುಚ್ಛಕ್ತಿಯನ್ನು ವಿತರಣಾ ಕಂಪನಿ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ಕೊಳ್ಳುವುದೆಂದು 25 ವರ್ಷಗಳ ಕರಾರಾಯಿತು. 5 ಅಶ್ವಶಕ್ತಿಯ ಪಂಪಿಗೆ ಗಂಟೆಗೆ ಸುಮಾರು 3.7 ಯೂನಿಟ್ ಬೇಕಷ್ಟೆ. ಎಂದಮೇಲೆ, ಅದನ್ನು ಅಗತ್ಯವಿಲ್ಲದೆ ಒಂದು ಗಂಟೆ ಓಡಿಸಿದ ರೈತ ಈ ದರದಲ್ಲಿ ಸುಮಾರು 17 ರೂಪಾಯಿಗಳನ್ನು ಕಾಲುವೆಗೆ ಹರಿಸಿದಂತೆಯೇ ಸರಿ. ನೀರು ನೆಲದಲ್ಲಿಯೇ ಉಳಿದರೆ ಅವನಿಗೆ ಲಾಭ.

‘ಕುಸುಮ್’ ಯೋಜನೆಯ ಒಂದು ಭಾಗವೂ ಇಂಥ ಜೋಡಣೆಗೆ ನೆರವನ್ನು ಒದಗಿಸಿತು. ಕೊಳ್ಳುವ ದರವನ್ನು ಮಾತ್ರ ತೀರ ಇಳಿಸಿದಲ್ಲಿ, ರೈತ ವಿದ್ಯುತ್ತನ್ನು ಬಿಟ್ಟು ನೀರನ್ನೇ ಎತ್ತಿ ನೆರೆಹೊಲದವನಿಗೆ ಮಾರಿಯಾನು.