ಅಳಿವೆಯ ಕೆಸರಿಗೆ ಉಸಿರು ಕಟ್ಟಿದರೆ

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಒಂದು ಹೆಂಟೆ ಕೆಸರನ್ನು ಚಾಕುವಿನಿಂದ ಸೀಳಿ ನೋಡಿ. ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಕಂದು ಪದರ. ಕೆಳಗೆಲ್ಲ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ನಡುವೆ ಏಡಿಯ ಬಿಲ ಸಿಕ್ಕರೆ ಅದರ ಗೋಡೆಗೂ ತುಕ್ಕಿನ ಬಣ್ಣ ಹತ್ತಿರುತ್ತದೆ. ನೀರಿನ ಜೊತೆ ಆಮ್ಲಜನಕ ಅಲ್ಲಿಯವರೆಗೆ ಇಳಿದ ಗುರುತು ಅದು. ಈ ಕಂದು ಪದರ ತೆಳುವಾಗುತ್ತ ಹೋದರೆ ಏನಾದೀತು ಎಂಬುದೇ ನನ್ನ ಆತಂಕ.

ಗದ್ದೆಗೆ ಎರಚಿದ ಯೂರಿಯಾ, ಊರಿನ ಚರಂಡಿ ನೀರು, ಕೊಳೆತ ಎಲೆ, ಸತ್ತ ಮೀನು ಎಲ್ಲದರ ಸಾರಜನಕವೂ ಹೊಳೆಯ ಜೊತೆ ಬಂದು ಅಳಿವೆ ಸೇರುತ್ತದೆ. ಕಂದು ಪದರದ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ, ಆ ಸಾರಜನಕದಿಂದ ಹುಟ್ಟಿದ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ತುಸು ಕೆಳಕ್ಕೆ ಜಿನುಗಿದರೆ ಸಾಕು, ಆಮ್ಲಜನಕವೇ ಇಲ್ಲದಲ್ಲಿ ಬದುಕುವ ಇನ್ನೊಂದು ಗುಂಪು ಅದನ್ನೇ ಉಸಿರಾಡಿ, ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ಗಾಳಿಯಲ್ಲಿ ಶೇ. 78ರಷ್ಟಿರುವ ಅದೇ ನಿರುಪದ್ರವಿ ಅನಿಲ. ಕೂದಲೆಳೆಯ ಅಂತರದಲ್ಲಿ ನಡೆಯುವ ಈ ಕೆಲಸಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಕೊಳಚೆ ಹೆಚ್ಚಾದರೆ ಅದನ್ನು ಕೊಳೆಸುವುದಕ್ಕೇ ಆಮ್ಲಜನಕ ಮುಗಿದುಹೋಗುತ್ತದೆ. ಕಪ್ಪು ಮೇಲೇರುತ್ತದೆ, ಹೈಡ್ರೋಜನ್ ಸಲ್ಫೈಡ್ ಮೇಲ್ಪದರಕ್ಕೂ ಬರುತ್ತದೆ. ನೈಟ್ರೇಟ್ ತಯಾರಿಸುವ ಜೀವಿಗಳ ಕೆಲಸವನ್ನು ಈ ಸಲ್ಫೈಡ್ ತಡೆಯುತ್ತದೆ ಎಂದು ಸಮಂಥಾ ಜಾಯ್ ಮತ್ತು ಜೇಮ್ಸ್ ಹಾಲಿಬಾ 1995ರಲ್ಲಿ ತೋರಿಸಿದರು. ಮೇಲಿನವರು ಕೈಚೆಲ್ಲಿದರೆ ಕೆಳಗಿನವರಿಗೆ ಉಣ್ಣಲು ಏನೂ ಇಲ್ಲ. ಅಮೋನಿಯಂ ನೀರಿಗೆ ಮರಳಿ, ಪಾಚಿ ಕೊಬ್ಬಿ, ಸತ್ತು ತಳಕ್ಕೆ ಬಿದ್ದು, ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಇದು ಪ್ರತಿ ಬೇಸಿಗೆಯ ಕತೆ: ತಳದ ಆಮ್ಲಜನಕ ಬತ್ತಿದಾಗ ಸಾರಜನಕವನ್ನು ಹೊರಹಾಕುವ ಕೆಲಸ ಕುಸಿದು, ಕೆಸರೇ ಅಮೋನಿಯಂ ಉಗುಳುತ್ತದೆ. ಹೊರೆ ಅತಿ ಹೆಚ್ಚಿದ್ದಾಗಲೇ ಸಾರಜನಕ ಸೋಸುವ ಈ ಜರಡಿ ಹರಿಯುತ್ತದೆ. ನನ್ನನ್ನು ಹೆದರಿಸುವುದು ಇದೇ.

ಅಳಿವೆ ತಡೆಯದೆ ಬಿಟ್ಟದ್ದು ಹೋಗುವುದಾದರೂ ಎಲ್ಲಿಗೆ? ನಮ್ಮ ಪಶ್ಚಿಮ ಕರಾವಳಿಯ ಕಡಲಿನಲ್ಲಿ ಮಳೆಗಾಲದಿಂದ ಅಕ್ಟೋಬರ್‌ವರೆಗೆ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ಮೇಲೇಳುತ್ತದೆ. ಇದು ಹಿಂದಿನಿಂದ ಬಂದದ್ದೇ. ಆದರೆ ನೆಲದಿಂದ ಹರಿದು ಬರುವ ನೈಟ್ರೇಟ್ ಈ ಆಮ್ಲಜನಕದ ಕೊರತೆಯನ್ನು ತೀವ್ರಗೊಳಿಸುತ್ತಿರಬಹುದು, ನೈಟ್ರೇಟ್ ಪೂರ್ತಿ ಸಾರಜನಕ ಅನಿಲವಾಗದಿದ್ದಾಗ ಹುಟ್ಟುವ ನೈಟ್ರಸ್ ಆಕ್ಸೈಡ್ ಅಲ್ಲಿ ಭಾರೀ ಪ್ರಮಾಣದಲ್ಲಿ ಸೇರಿಕೊಳ್ಳುತ್ತಿದೆ ಎಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ಆದರೆ ಗೊಬ್ಬರ ಕೇಳದ ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಗಳಲ್ಲಿ, ಎಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳಲ್ಲಿ, ಹಲವು ಸಿಗಡಿ ಹೊಂಡಗಳಾದವು. ಸಿಗಡಿಯ ತಿನಿಸೆಂದರೆ ಪ್ರೋಟೀನ್, ಅದರ ಸುಮಾರು ಆರನೇ ಒಂದು ಪಾಲು ಸಾರಜನಕ. ಅದರಲ್ಲಿ ಬಹುಪಾಲು ಸಿಗಡಿಯ ಮೈಗೆ ಹತ್ತದೆ ನೀರು, ಕೆಸರು ಸೇರುತ್ತದೆ. ಮೇಲಿನ ಊರುಗಳ ಚರಂಡಿಯೂ ಬೆಳೆಯುತ್ತಿದೆ.

ನೀರನ್ನಷ್ಟೇ ಬಾಟಲಿಯಲ್ಲಿ ತುಂಬಿ ಪರೀಕ್ಷಿಸಿದರೆ ಈ ಕುಸಿತ ತಡವಾಗಿ ಕಾಣುತ್ತದೆ. ಕೆಸರಿಗೇ ಕೈಹಾಕಬೇಕು: ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಅಕ್ಟೋಬರ್‌ನಲ್ಲೊಮ್ಮೆ, ಅದೇ ಜಾಗಗಳಲ್ಲಿ, ಆಮ್ಲಜನಕ ಎಷ್ಟು ಆಳಕ್ಕಿದೆ, ಸಲ್ಫೈಡ್ ಎಷ್ಟು ಮೇಲೆ ಬಂದಿದೆ ಎಂದು ಅಳೆಯಬೇಕು. ಹೊಂಡದ ನೀರನ್ನು ನೇರವಾಗಿ ಹೊಳೆಗೆ ಬಿಡುವುದನ್ನು ಅದಕ್ಕೂ ಮೊದಲೇ ನಿಲ್ಲಿಸಬೇಕು. ಇಳಿತದ ಹೊತ್ತಿಗೆ ಬಳಚು ಚಿಪ್ಪು ಹೆಕ್ಕಲು ಕೆಸರಿಗಿಳಿಯುವ ಹೆಂಗಸರನ್ನೂ ಕೇಳಬೇಕು, ಕಪ್ಪು ಈಗ ಎಷ್ಟು ಆಳಕ್ಕೆ ಸಿಗುತ್ತದೆ ಎಂದು.