ಸೇವಾ ನಿರಾಕರಣೆ ದೌರ್ಬಲ್ಯ

ಸೇವಾ ನಿರಾಕರಣೆ ದೌರ್ಬಲ್ಯವೆಂದರೆ ಸರ್ವರ್ ತಂತ್ರಾಂಶವು ನಿಜವಾದ ಬಳಕೆದಾರರಿಗೆ ದೊರೆಯದಂತೆ ಮಾಡಲು ಆಸ್ಪದ ಕೊಡುವ ದೋಷ. ಇದರಿಂದ ಮಾಹಿತಿ ಕಳುವಾಗುವುದಿಲ್ಲ, ಸೇವೆ ಸ್ಥಗಿತಗೊಳ್ಳುತ್ತದೆ. ಕಳುಹಿಸುವವನಿಗೆ ಅಗ್ಗವಾದ ಕೋರಿಕೆಯು ಸರ್ವರ್‌ಗೆ ದುಬಾರಿ ಕೆಲಸವಾಗುವುದೇ ಇದರ ಮೂಲ.

ಅನೇಕ ತಂತ್ರಾಂಶಗಳು ಹಂಚಿಕೊಳ್ಳುವ ಲೈಬ್ರರಿಯಲ್ಲಿ ಇಂತಹ ದೋಷವಿದ್ದರೆ ಅದು ಅವೆಲ್ಲವನ್ನೂ ಬಾಧಿಸುತ್ತದೆ. 2011ರ ಡಿಸೆಂಬರ್‌ನಲ್ಲಿ ಬಹಿರಂಗವಾದ ಹ್ಯಾಶ್ ಘರ್ಷಣೆ ದೋಷವು ಇದಕ್ಕೆ ಪ್ರಸಿದ್ಧ ನಿದರ್ಶನ. ಜಾಲತಾಣದ ಅರ್ಜಿ ನಮೂನೆಯಿಂದ ಬರುವ ಅಂಕಣಗಳ ಹೆಸರುಗಳನ್ನು ಪಿಎಚ್‌ಪಿ, ಜಾವಾ, ಪೈಥಾನ್ ಮೊದಲಾದವುಗಳಲ್ಲಿ ಹ್ಯಾಶ್ ಕೋಷ್ಟಕದಲ್ಲಿ ಇರಿಸಲಾಗುತ್ತದೆ. ಎಲ್ಲ ಹೆಸರುಗಳೂ ಒಂದೇ ಕೋಶಕ್ಕೆ ಬೀಳುವಂತೆ ಆಯ್ದು ಕಳುಹಿಸಿದರೆ, ಪ್ರತಿ ಹೊಸ ಹೆಸರನ್ನೂ ಹಿಂದಿನವುಗಳೊಡನೆ ಹೋಲಿಸಬೇಕಾಗುತ್ತದೆ. ಹೆಸರುಗಳು 10 ಪಟ್ಟಾದರೆ ಕೆಲಸ ಸುಮಾರು 100 ಪಟ್ಟಾಗುತ್ತದೆ. ಹ್ಯಾಶ್ ಲೆಕ್ಕಕ್ಕೆ ದಾಳಿಕೋರನು ಊಹಿಸಲಾಗದ ಯಾದೃಚ್ಛಿಕ ಸಂಖ್ಯೆಯನ್ನು ಸೇರಿಸುವುದು ಪರಿಹಾರ. ಪರ್ಲ್ ಭಾಷೆ 2003ರಲ್ಲೇ ಇದನ್ನು ಅಳವಡಿಸಿಕೊಂಡಿತ್ತು. ಉಳಿದ ಹಲವು ಭಾಷೆಗಳು ಎಂಟು ವರ್ಷ ಸುಮ್ಮನಿದ್ದದ್ದು ಸೋಜಿಗ.

ಕರ್ನಾಟಕದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶವು 2025ರ ಜನವರಿಯಲ್ಲಿ ಸೇವಾ ನಿರಾಕರಣೆ ದಾಳಿಗೆ ಗುರಿಯಾಯಿತು. ನಕಲಿ ಖಾತೆಗಳ ಮೂಲಕ ಋಣಭಾರ ಪ್ರಮಾಣಪತ್ರದ (ರೂಢಿಯಲ್ಲಿ ಇ.ಸಿ.) ಹುಡುಕಾಟಕ್ಕೆ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದವೆಂದು ವರದಿಯಾಯಿತು. ಇಲ್ಲಿ ಅಸ್ತ್ರವಾದದ್ದು ಕೋರಿಕೆಗಳ ರಾಶಿ. ಆದರೂ ಹಳೆಯ ದಾಖಲೆಗಳನ್ನು ಜಾಲಾಡಬೇಕಾದ ಹುಡುಕಾಟವನ್ನೇ ಆಯ್ದುಕೊಂಡದ್ದರಲ್ಲಿ ಅದೇ ತತ್ತ್ವ ಕಾಣುತ್ತದೆ. ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ ಇರುವುದರಿಂದ ಅದು ನಿಂತಾಗ ಬೀದರ್, ಭಾಲ್ಕಿ, ಔರಾದ್‌ಗಳ ಉಪನೋಂದಣಾಧಿಕಾರಿ ಕಚೇರಿಗಳಲ್ಲಿಯೂ ಕ್ರಯಪತ್ರ ನೋಂದಾಯಿಸಲಾಗದು; ಸಾಕ್ಷಿಗಳನ್ನು ಕರೆತಂದ ಹಳ್ಳಿಗರು ಮತ್ತೊಂದು ದಿನ ಬರಬೇಕಾಗುತ್ತದೆ.