ಮೀನಿನ ತೊಟ್ಟಿಯ ಪಂಪನ್ನೂ ಸ್ವಲ್ಪ ನೋಡಿ!

ಮೀನಿನ ತೊಟ್ಟಿ ಇರುವ ಮನೆಗಳಲ್ಲಿ ಮೀನಿಗೆ ಊಟ ಹಾಕಲು ಪೈಪೋಟಿ. ಬೆಳಿಗ್ಗೆ ಮೊಮ್ಮಗ ಹಾಕುತ್ತಾನೆ. ಅದು ಗೊತ್ತಿಲ್ಲದೆ ಅಜ್ಜಿಯೂ ಒಂದು ಚಿಟಿಕೆ ಹಾಕುತ್ತಾರೆ. ಆದರೆ ಮೂಲೆಯಲ್ಲಿ ಹಗಲಿರುಳು ಗುಂಯ್ ಎನ್ನುವ ಪಂಪಿನ ಕಡೆಗೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಹವ್ಯಾಸ, ಈ ಪಂಪುಗಳನ್ನು ಬಿಚ್ಚಿ ತೊಳೆಯುವುದು. ನಮ್ಮ ಬೀದಿಯ ನಾಲ್ಕಾರು ಮನೆಯವರು ತಮ್ಮ ಪಂಪು ಹಿಡಿದು ಬರುತ್ತಾರೆ. “ಹೊಸದೇ ತರಬೇಕಾ, ಸಾರ್?” ಎಂದು ಕೇಳುತ್ತಾರೆ. ಬಂದವುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಕೊಳೆಯಾಗಿರುತ್ತವೆ ಅಷ್ಟೇ.

ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗ ಓಡಿ ಬಂದ. “ತಾತ, ನಮ್ಮ ಗೋಲ್ಡ್ ಫಿಶ್‌ಗಳಿಗೆ ತುಂಬಾ ಹಸಿವು. ಎಷ್ಟು ಹಾಕಿದರೂ ಮೇಲೆ ಬಂದು ಬಾಯಿ ಬಿಡುತ್ತಲೇ ಇವೆ” ಎಂದ. ಹೋಗಿ ನೋಡಿದರೆ ಅದು ಹಸಿವಲ್ಲ, ಉಸಿರಾಟದ ಕಷ್ಟ. ಪಂಪು ಸದ್ದು ಮಾಡುತ್ತಿತ್ತು, ನೀರು ಮಾತ್ರ ತಳ್ಳುತ್ತಿರಲಿಲ್ಲ. ಹಾಕಿದ ಊಟವೆಲ್ಲ ತಳದಲ್ಲಿ ಕೊಳೆಯುತ್ತಿತ್ತು.

ಮಕ್ಕಳೇ, ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಗೆ ಏರಿದರೆ ಸುಮಾರು ಏಳೂವರೆ ಮಾತ್ರ. ಪಂಪು ನೀರಿನ ಮೇಲ್ಭಾಗವನ್ನು ಕಲಕುತ್ತಿದ್ದರೆ ಖರ್ಚಾದ ಆಮ್ಲಜನಕ ಗಾಳಿಯಿಂದ ಮತ್ತೆ ಜಮೆಯಾಗುತ್ತದೆ. ಪಂಪು ನಿಂತರೆ ಜಮೆ ಕಡಿಮೆ, ಖರ್ಚು ಹಾಗೇ. ಬೇಸಿಗೆಯಲ್ಲಿ ಈ ಲೆಕ್ಕ ಬೇಗ ಏರುಪೇರಾಗುತ್ತದೆ.

ಪಂಪನ್ನು ತೊಳೆಯುವುದು ಹೀಗೆ. ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಈ ಕೆಲಸ ದೊಡ್ಡವರದು. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು. ಆಮೇಲೆ ತೊಟ್ಟಿಯದೇ ನೀರನ್ನು ಒಂದು ಬಕೆಟ್‌ಗೆ ತೆಗೆದುಕೊಂಡು, ಫಿಲ್ಟರಿನ ಸ್ಪಂಜನ್ನು ಅದರಲ್ಲೇ ನಾಲ್ಕೈದು ಸಲ ಹಿಂಡಿ. ನಲ್ಲಿಯ ಕೆಳಗೆ ಹಿಡಿಯಬೇಡಿ, ಸೋಪು ಬೇಡವೇ ಬೇಡ.

ಏಕೆಂದರೆ ಆ ಸ್ಪಂಜು ಬರೀ ಕಸ ಹಿಡಿಯುವ ಜರಡಿಯಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ಬ್ಯಾಕ್ಟೀರಿಯಾಗಳ ಮನೆ. ಮೀನಿನ ಹೊಲಸಿನಿಂದ ಮತ್ತು ಉಳಿದ ಊಟದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಈ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಈ ಕೆಲಸಗಾರರು ಸಾಯುತ್ತಾರೆ. ಸ್ಪಂಜು ಫಳಫಳ ಹೊಳೆಯುತ್ತದೆ, ಮೀನು ಮಾತ್ರ ಕಷ್ಟಕ್ಕೆ ಸಿಗುತ್ತದೆ. ಹಾಗಾಗಿ ಸ್ಪಂಜು ಸ್ವಲ್ಪ ಕಂದುಬಣ್ಣ ಉಳಿಸಿಕೊಂಡರೆ ಬೇಸರ ಬೇಡ. ಎರಡು ಸ್ಪಂಜು ಇದ್ದರೆ ಇಂದು ಒಂದು, ಎರಡು ವಾರದ ನಂತರ ಇನ್ನೊಂದು.

ಮುಂದೆ ಪಂಪಿನ ಮುಚ್ಚಳ ತೆಗೆಯಿರಿ. ಒಳಗೆ ಪುಟ್ಟ ರೆಕ್ಕೆಗಳಿರುವ ಚಕ್ರ ಇರುತ್ತದೆ. ಅದರ ಬುಡದಲ್ಲಿರುವುದು ಅಯಸ್ಕಾಂತ. ಅದಕ್ಕೆ ಯಾವ ತಂತಿಯೂ ಇಲ್ಲ. ಪಂಪಿನೊಳಗೆ ನೀರು ತಾಗದಂತೆ ಮುಚ್ಚಿಟ್ಟಿರುವ ತಂತಿಸುರುಳಿಯೇ ಅದನ್ನು ತಿರುಗಿಸುತ್ತದೆ. ಚಕ್ರವನ್ನು ನೇರವಾಗಿ, ನಿಧಾನವಾಗಿ ಎಳೆಯಿರಿ. ನಡುವಿನ ಕಡ್ಡಿ ಎಷ್ಟೋ ಪಂಪುಗಳಲ್ಲಿ ಪಿಂಗಾಣಿಯದು, ಓರೆಯಾಗಿ ಎಳೆದರೆ ಮುರಿಯುತ್ತದೆ. ಲೋಳೆ, ಕೂದಲು, ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಚಕ್ರ ಕೂರುವ ಗುಳಿಯನ್ನು ಮರೆಯಬೇಡಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಚಕ್ರಕ್ಕೆ ಬಿಳಿ ಸುಣ್ಣ ಕಟ್ಟಿರುತ್ತದೆ. ಪಕ್ಕದ ಮನೆಯ ಪಂಪು ಸಿಕ್ಕಿಹಾಕಿಕೊಂಡಿದ್ದೂ ಇದರಿಂದಲೇ. ಅರ್ಧ ವಿನೆಗರ್, ಅರ್ಧ ನೀರು ಬೆರೆಸಿ ಚಕ್ರವನ್ನು ಅರ್ಧ ಗಂಟೆ ನೆನೆಹಾಕಿ. ಗುಳ್ಳೆ ಏಳುವುದನ್ನು ಮಕ್ಕಳಿಗೆ ತೋರಿಸಿ. ಅದು ಇಂಗಾಲದ ಡೈಆಕ್ಸೈಡ್. ಮೊಟ್ಟೆಯ ಚಿಪ್ಪನ್ನು ವಿನೆಗರ್‌ಗೆ ಹಾಕಿದರೂ ಹೀಗೇ ಆಗುತ್ತದೆ. ಎರಡೂ ಕ್ಯಾಲ್ಸಿಯಂ ಕಾರ್ಬೋನೇಟ್ ತಾನೆ? ಆಮೇಲೆ ಚಕ್ರವನ್ನು ಒಳ್ಳೆಯ ನೀರಿನಲ್ಲಿ ಚೆನ್ನಾಗಿ ಜಾಲಿಸಿ ಜೋಡಿಸಿ. ಅಂದು ನಾವು ಹಾಗೆ ಮಾಡಿ, ತಳದ ಕೊಳೆ ತೆಗೆದು, ಒಂದಿಷ್ಟು ನೀರು ಬದಲಿಸಿದೆವು. ಸಂಜೆಯ ಹೊತ್ತಿಗೆ ಗೋಲ್ಡ್ ಫಿಶ್‌ಗಳು ಕೆಳಗಿಳಿದು ಓಡಾಡತೊಡಗಿದವು.

ಇನ್ನೆರಡು ಮಾತು. ಗಾಳಿ ಊದುವ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಇಲ್ಲವಾದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ನುಗ್ಗಬಹುದು. ರಾತ್ರಿಯಿಡೀ ಕರೆಂಟು ಇಲ್ಲದಿದ್ದರೆ, ಬಂದ ಕೂಡಲೇ ಫಿಲ್ಟರ್ ಹಾಕಬೇಡಿ. ನಿಂತ ನೀರಿನಲ್ಲಿ ಸ್ಪಂಜಿನ ಬ್ಯಾಕ್ಟೀರಿಯಾ ಸತ್ತು ಕೊಳೆತಿರಬಹುದು. ವಾಸನೆ ಬಂದರೆ ಹಿಂಡಿಯೇ ಹಾಕಿ.

ತೊಳೆದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಮಕ್ಕಳ ಕೆಲಸವಾಗಲಿ. ತಿಂಗಳಿಗೊಮ್ಮೆ ಸಾಕು. ಊಟ ಹಾಕುವ ಮೊದಲು ಪಂಪಿನ ಬಾಯಿಯ ಮುಂದೆ ನೀರು ಅಲುಗುತ್ತಿದೆಯೇ ಎಂದು ದಿನವೂ ಒಮ್ಮೆ ನೋಡಲಿ. ಸದ್ದನ್ನು ನಂಬಬೇಡಿ, ನೀರನ್ನು ನೋಡಿ.